ಚಲೇಗಾ ಅನ್ನದ ಮನುಷ್ಯ

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂಬತ್ತು ದಿನ ಕಳೆದ ಮೇಲೆ. ಡೊಂಬಿವ್ಲಿಯ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಸಾಲು ಹಾಕಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದಿದ್ದವು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ನನಗೇ ಹೇಸಿಗೆ ಅನ್ನಿಸಿತು. ಒಂದೇ ಒಂದು ಶಬ್ದ ಹೇಳಿ ಆ ಮನುಷ್ಯನ ಹೆಸರು ಕೆಡಿಸಿದವನು ನಾನು. ಈಗ ಬೆರಳ ತುದಿಯಲ್ಲಿ ಕೈಮುಗಿದು ಕೂತಿದ್ದೇನೆ, ನೋಡಿ!

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಂದ ಅದು ಮತ್ತೆ ಎಲ್ಲಿಗೂ ಹೋಗುವುದು ಬೇಡ. ಕಂಪನಿಯಲ್ಲಿ ಎಲ್ಲರಿಗೂ ಅವರು 'ಸರ್'. ಧಾರವಾಡದ ಕಡೆಯವನಾದ ನನಗೆ 'ಸರ'.

ನಮ್ಮದು ನವಿ ಮುಂಬಯಿಯ ಮಹಾಪೆಯಲ್ಲಿದ್ದ ಸಣ್ಣ ಕಂಪನಿ. ಇಂಪೀಡೆನ್ಸ್ ಅಳೆಯುವ ಮೀಟರು ಮಾಡುತ್ತಿದ್ದೆವು. ಹಾಗಂದರೆ ಏನು ಅಂತ ನನ್ನ ಹೆಂಡತಿಗೆ ಇಷ್ಟು ವರ್ಷದಲ್ಲಿ ತಿಳಿಸಿಕೊಡಲು ಆಗಿಲ್ಲ, ಆದರೂ ನಿಮಗೆ ಹೇಳುತ್ತೇನೆ. ಟಿವಿ, ಫ್ಯಾನು, ಪಂಪು ಎಲ್ಲದರೊಳಗೂ ಇರುವ ಕೆಪಾಸಿಟರಿನಂಥ ಬಿಡಿಭಾಗಗಳು ಹಿಂದೆ ಮುಂದೆ ಹರಿಯುವ ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತವೆ ಎಂಬುದನ್ನು ಆ ಮೀಟರು ತೋರಿಸುತ್ತದೆ. ಮೀಟರಿನಿಂದ ಆ ಬಿಡಿಭಾಗದವರೆಗೆ ನಾಲ್ಕು ಕೇಬಲು ಹೋಗುತ್ತವೆ. ಕೋಆಕ್ಸಿಯಲ್ ಕೇಬಲು. ನಟ್ಟನಡುವೆ ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ತಾಮ್ರದ ಎಳೆಗಳ ಹೆಣಿಗೆ, ಹೊರಗೆ ಕರಿ ತೊಗಟೆ. ನಿಮ್ಮ ಮನೆಯ ಟಿವಿಗೆ ಬರುವುದೂ ಇದೇ ಕುಲದ್ದು. ಮೀಟರಿಗೆ ಯಾವ ಕೇಬಲು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಆರಿಸುವುದು ಸರ್ ಕೆಲಸ. ನಾನು ಅವರ ಕೈಕೆಳಗಿನ ಟೆಸ್ಟಿಂಗ್‌ನವನು. ಆಗ ನನಗೆ ಮೂವತ್ತಾಗಿತ್ತು, ಮದುವೆಯಾಗಿತ್ತು, ಎರಡು ಕಂಪನಿ ಬಿಟ್ಟು ಬಂದಿದ್ದೆ. ಏನೂ ಅರಿಯದ ಹುಡುಗ ಎಂದು ಯಾರೂ ನನ್ನ ಪರವಾಗಿ ಹೇಳುವ ಹಾಗಿಲ್ಲ.

ಮೊದಲ ದಿನವೇ ಅವರು ನನ್ನ ಕೈಗೆ ಎರಡು ತುಂಡು ಕೇಬಲು ಕೊಟ್ಟರು. ಎರಡೂ ಕರಿ, ಎರಡೂ ಒಂದೇ ದಪ್ಪ.

"ಏನು ವ್ಯತ್ಯಾಸ ಉಂಟು ಹೇಳು ನೋಡುವ."

"ಎರಡೂ ಒಂದ ಥರಾ ಕಾಣ್ತಾವಲ್ರೀ ಸರ."

"ಕಾಣುವುದು ಬಿಡು ಮಾರಾಯ. ಕಣ್ಣಿಗೆ ನಾನೂ ನನ್ನ ಅಣ್ಣನೂ ಒಂದೇ ಹಾಗೆ ಕಾಣ್ತೇವೆ. ಅವ ಕಲ್ಯಾಣದ ಹೋಟೆಲಿನಲ್ಲಿ ಸಾಂಬಾರಿನ ರುಚಿ ನೋಡ್ತಾನೆ, ನಾನು ಇಲ್ಲಿ ಕೇಬಲಿನದ್ದು."

ಹೇಳಿ ಬ್ಲೇಡಿನಿಂದ ಎರಡರ ತೊಗಟೆಯನ್ನೂ ಸುಲಿದರು. ಒಳಗಿನ ಹೆಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದರಲ್ಲಿ ಸಣ್ಣ ಸಣ್ಣ ಕಿಂಡಿ ಕಂಡವು, ಇನ್ನೊಂದರಲ್ಲಿ ಏನೂ ಕಾಣಲಿಲ್ಲ. "ಬೆಳಕು ತೂರಿದಲ್ಲಿ ಗದ್ದಲವೂ ತೂರ್ತದೆ" ಅಂದರು. ಆಮೇಲೆ ಹೆಣಿಗೆಯನ್ನೂ ಸರಿಸಿದರು. ಒಳ್ಳೆಯದರಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಕಾಡಿಗೆಯಂಥ ತೆಳು ಪದರ ಇತ್ತು. ಮುಟ್ಟಿದರೆ ಬೆರಳು ಕರಿಯಾಗುತ್ತಿತ್ತು. ಕೇಬಲು ಬಾಗಿದಾಗ ಹೆಣಿಗೆ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ, ಉಜ್ಜಿದರೆ ಅಲ್ಲೇ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ, ಮೀಟರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ಕರಿ ಪದರ ಇದ್ದರೆ ಅದು ಹುಟ್ಟಿದಲ್ಲೇ ಸಾಯುತ್ತದೆ.

ಪಾಸು ಮಾಡುವ ಅವರ ರೀತಿ ನೋಡಬೇಕಿತ್ತು. ಕೇಬಲಿನ ಒಂದು ತುದಿಯನ್ನು ಮೀಟರಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಖಾಲಿ ಬಿಟ್ಟು, ಪೆನ್ಸಿಲಿನ ಹಿಂಬದಿಯಿಂದ ಅದನ್ನು ಟಕ್ ಟಕ್ ಎಂದು ಬಡಿಯುವರು. ಮಗುವಿನ ಕೈ ಹಿಡಿದು ಆಡಿಸಿದ ಹಾಗೆ ಅಲ್ಲಾಡಿಸುವರು. ಕಣ್ಣು ಮಾತ್ರ ಮೀಟರಿನ ಮೇಲೆ. ಅಂಕಿ ಕದಲದಿದ್ದರೆ ತಲೆದೂಗುವರು, ಕದಲಿದರೆ ಕೇಬಲನ್ನು ಹಾವು ಎತ್ತಿದಂತೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಡುವರು. ನಾಲ್ಕೂ ಕೇಬಲು ಕೇಬಲು ಸುತ್ತಿ ಬರುವ ಒಂದೇ ಡ್ರಮ್ಮಿನದಾಗಿರಬೇಕು, ನಾಲ್ಕೂ ಸರಿಯಾಗಿ ಒಂದು ಮೀಟರು ಉದ್ದ. "ಇವಳಿಗೆ ಒಂದು ಮೀಟರು ಅಂತ ಹೇಳಿಟ್ಟಿದ್ದೇವೆ. ಗೇಣು ಹೆಚ್ಚು ಹಾಕಿದರೂ ಅವಳು ನಮ್ಮನ್ನೇ ನಂಬಿ ತಪ್ಪು ಹೇಳ್ತಾಳೆ" ಅನ್ನುವರು. ಮೀಟರು ಅವರಿಗೆ ಹೆಣ್ಣು.

ಕೇಬಲಿನ ಬಗ್ಗೆ ಅವರದು ಒಂದೇ ಮಾತು. "ಅದು ನಡುವೆ ಇರುವಂಥದ್ದು. ಈಚೆಯದನ್ನು ಆಚೆಗೆ ಮುಟ್ಟಿಸಬೇಕು, ತನ್ನದು ಏನೂ ಸೇರಿಸಬಾರದು."

ಇದು ಬರೀ ಕೇಬಲಿನ ಮಾತಾಗಿರಲಿಲ್ಲ, ಆ ಮನುಷ್ಯ ಇದ್ದದ್ದೇ ಹಾಗೆ. ಒಮ್ಮೆ ಸಂಘದ ಯಕ್ಷಗಾನಕ್ಕೆ ಒಬ್ಬರೇ ಬಂದಿದ್ದರು. ವೈನಿ, ಅಂದರೆ ಅವರ ಹೆಂಡತಿ, ಯಾಕೆ ಬರಲಿಲ್ಲ ಅಂತ ಕಾರ್ಯದರ್ಶಿ ಕೇಳಿದರು. "ಬರಲಿಕ್ಕೆ ಮನಸ್ಸಿಲ್ಲ ಅಂದಳು. ಯಾರಾದರೂ ಕೇಳಿದರೆ ತಲೆನೋವು ಅಂತ ಹೇಳಿ, ಅಂತಲೂ ಅಂದಳು" ಎಂದರು ಸರ್. ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. ನಾನು ನಕ್ಕು ನಕ್ಕು ಸುಸ್ತಾದೆ. ಮನೆಯಲ್ಲಿ ವೈನಿ ತುಳುವಿನಲ್ಲಿ ಎಷ್ಟು ಮಂಗಳಾರತಿ ಎತ್ತಿದರೋ, ಮೂರು ದಿನ ಅವರ ಡಬ್ಬಿಯಲ್ಲಿ ಬರೀ ಮೊಸರನ್ನ.

ಟೆಸ್ಟಿಂಗ್ ಕೋಣೆಯಲ್ಲಿ ಅವರು ನಿಷೇಧಿಸಿದ್ದ ಒಂದು ಶಬ್ದ ಇತ್ತು. 'ಚಲೇಗಾ', ಅಂದರೆ ನಡೆಯುತ್ತದೆ ಬಿಡು. ಮುಂಬಯಿಯಲ್ಲಿ ಆ ಶಬ್ದ ಇಲ್ಲದೆ ಒಂದು ಗಂಟೆ ಬದುಕಿ ತೋರಿಸಿ ನೋಡೋಣ! ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಲ್ಲುವುದು ಚಲೇಗಾ, ಚಾ ತಣ್ಣಗಾಗಿದ್ದರೂ ಚಲೇಗಾ. ಅಲ್ಲಿ ಮಾತ್ರ ಅದು ಬಾಯಿಂದ ಬಿದ್ದರೆ ಸರ್ ಪೆನ್ಸಿಲು ಕೆಳಗಿಟ್ಟು ಕೇಳುವರು, "ಎಲ್ಲಿಗೆ ಚಲೇಗಾ? ಎಷ್ಟು ದೂರ ಚಲೇಗಾ?"

ಇನ್ನು ಸೇಠ್. ಕಂಪನಿಯ ಮಾಲೀಕರು. ಕೆಟ್ಟವರಲ್ಲ, ಸಿಡುಕು. ಅವರದೊಂದು ನಿಯಮ ಇತ್ತು. ಮಾಲು ನೋಡಿದ ರಿಜಿಸ್ಟರಿನಲ್ಲಿ 'ಬೇಡ' ಎಂದು ಬರೆಯಕೂಡದು. ಬರೆದರೆ ತಪಾಸಣೆಗೆ ಬಂದವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ನೋಡಿದ್ದಕ್ಕೆ ಒಂದು ಸಹಿ ಹಾಕಿ, ಬೇಡವಾದರೆ ನನಗೆ ಬಾಯಲ್ಲಿ ಹೇಳಿ, ವಾಪಸು ಕಳಿಸುತ್ತೇನೆ, ಎನ್ನುತ್ತಿದ್ದರು. ಸರ್ ಮತ್ತು ಸೇಠ್ ಎದುರುಬದುರು ಕೂತರೆ ಐದು ನಿಮಿಷದಲ್ಲಿ ಜಗಳ ಹತ್ತುತ್ತಿತ್ತು. ಹಾಗಾಗಿ ಬಾಯಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ನಾನು ಹೋದರೆ ಕೂಗಾಟ ಆಗ್ತದೆ. ನೀನು ಹೋಗು. ನಾನು ಹೇಳಿದ್ದಷ್ಟೇ ಹೇಳು" ಎಂದು ಮಹಡಿಗೆ ಅಟ್ಟುತ್ತಿದ್ದರು. ಒಂದು ವರ್ಷ ನಾನು ಚೆನ್ನಾಗಿಯೇ ಮುಟ್ಟಿಸಿದೆ.

ಆ ಡ್ರಮ್ಮು ಬಂದದ್ದು ಮಳೆಗಾಲದಲ್ಲಿ. ಕೆಪಾಸಿಟರು ಮಾಡುವ ಒಂದು ದೊಡ್ಡ ಕಾರ್ಖಾನೆಗೆ ನಲವತ್ತು ಮೀಟರು ಕಳಿಸಬೇಕಿತ್ತು, ಆಗಲೇ ತಡವಾಗಿತ್ತು. ಮಾಮೂಲಿ ಕೇಬಲು ಸಿಗದೆ ಸೇಠ್ ತಮ್ಮ ಭಾವಮೈದುನನ ಅಂಗಡಿಯಿಂದ ಬೇರೆ ಡ್ರಮ್ಮು ತರಿಸಿದ್ದರು. ಸರ್ ಸುಲಿದು ನೋಡಿದರು. ಕರಿ ಪದರ ಇರಲಿಲ್ಲ. ಪೆನ್ಸಿಲಿನಿಂದ ಒಮ್ಮೆ ಬಡಿದದ್ದೇ ಅಂಕಿ ಎಗರಿ ಎಗರಿ ಬಿತ್ತು. ರಿಜಿಸ್ಟರಿನಲ್ಲಿ ಎಂದಿನಂತೆ ಸಹಿ ಹಾಕಿ ನನಗೆ ಹೇಳಿದರು, "ಹೋಗಿ ಹೇಳು, ಈ ಡ್ರಮ್ಮು ಬೇಡ. ಒಂದು ವಾರ ತಡವಾದರೂ ಅಡ್ಡಿಯಿಲ್ಲ, ಇದು ಬೇಡ."

ಮೆಟ್ಟಿಲು ಹತ್ತುವಾಗ ನನ್ನ ಬಾಯಲ್ಲಿ ಅದೇ ಮಾತು ಇತ್ತು. ದೇವರಾಣೆ ಇತ್ತು. ಒಳಗೆ ಸೇಠ್ ಫೋನಿನಲ್ಲಿ ಯಾರಿಗೋ ಕಿರುಚುತ್ತಿದ್ದರು. ಅವರ ಮೇಜಿನ ಮೇಲೆ ನನ್ನ ಕೆಲಸ ಕಾಯಂ ಮಾಡುವ ಕಾಗದ ಸಹಿಗೆ ಕಾದು ಕೂತಿತ್ತು. ನನ್ನ ಹೆಸರು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಸೇಠ್ ಫೋನು ಕುಕ್ಕಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು, "ಏನಂತೆ ನಿನ್ನ ಸಾಹೇಬನದು? ಈಗ ಅದೂ ಬೇಡವಂತಾ?"

ನಾನು ಅಂದೆ, "ನೋಡಿದ್ದಾರೆ ಸೇಠ್. ಸ್ವಲ್ಪ ಫರಕು ಇದೆ. ಚಲೇಗಾ."

ಅಷ್ಟೇ. ಸೇಠ್ ಮುಖ ಸಡಿಲಾಯಿತು. ಡ್ರಮ್ಮು ಅವತ್ತೇ ಕೇಬಲು ಕಟ್ಟುವ ವಿಭಾಗಕ್ಕೆ ಹೋಯಿತು. ಕೆಳಗೆ ಬಂದಾಗ ಸರ್ ಡಬ್ಬಿ ತೊಳೆಯುತ್ತಿದ್ದರು.

"ಹೇಳಿದೆಯಾ?"

"ಹೇಳೀನ್ರಿ ಸರ."

ನಾಲ್ಕು ದಿನದ ಮೇಲೆ ಕೇಬಲು ಕಟ್ಟಿ ಮೀಟರುಗಳು ಪ್ಯಾಕಿಂಗಿಗೆ ಬಂದವು. ಅದೇ ಡ್ರಮ್ಮಿನ ಕೇಬಲು ಎಂದು ಅವರಿಗೆ ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು. ನನ್ನನ್ನು ನೋಡಿದರು. "ಸೇಠ್ ಕೇಳಲಿಲ್ಲ ಅಲ್ಲವಾ?" ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು "ಇಲ್ರಿ" ಎಂದು ತಲೆ ತಗ್ಗಿಸಿದೆ. "ಅವರ ಕಂಪನಿ, ಅವರ ಇಷ್ಟ" ಎಂದು ಅವರು ಸುಮ್ಮನಾದರು. ಆದರೆ ಸುಮ್ಮನೆ ಕೂರುವ ಜೀವ ಅಲ್ಲ ಅದು. ನಲವತ್ತು ಚೀಟಿ ಟೈಪು ಮಾಡಿಸಿ ಒಂದೊಂದು ಮೀಟರಿಗೂ ತಾವೇ ಅಂಟಿಸಿದರು. ಅಳೆಯುವಾಗ ಕೇಬಲು ಅಲುಗಾಡಬಾರದು, ಮೇಜಿಗೆ ಬಿಗಿದು ಕಟ್ಟಿರಿ, ಎಂದು. ಕೆಳಗೆ ತಮ್ಮ ಸಹಿ. ಆ ಚೀಟಿ ಅಂಟಿಸಲು ಅಂಟಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತವನು ನಾನೇ.

ಆ ಕಾರ್ಖಾನೆಯಲ್ಲಿ ಪ್ರತಿ ಮೇಜಿನ ಮೇಲೂ ಫ್ಯಾನು. ಚೀಟಿ ಯಾರು ಓದುತ್ತಾರೆ? ಫ್ಯಾನಿನ ಗಾಳಿಗೆ ಕೇಬಲು ಅಲುಗಿತು, ಅಂಕಿ ಕುಣಿಯಿತು, ಒಳ್ಳೆಯ ಕೆಪಾಸಿಟರು ಕಸಕ್ಕೆ ಹೋದವು, ಕೆಟ್ಟವು ಪಾಸಾದವು. ಎರಡು ತಿಂಗಳಲ್ಲಿ ನಲವತ್ತೂ ಮೀಟರು ಟೆಂಪೋದಲ್ಲಿ ವಾಪಸು ಬಂದವು. ಮುಂದೆ ನಿಮ್ಮಿಂದ ಏನೂ ಬೇಡ ಎಂಬ ಪತ್ರವೂ ಬಂತು.

ಸೇಠ್ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತಿದ್ದೆ. ಸೇಠ್ ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ಮೀಟರಿನಿಂದ ಕಿತ್ತ ಚೀಟಿ ಹಿಡಿದಿದ್ದರು. "ಈ ಸಹಿ ಯಾರದು? ಈ ಚೀಟಿ ಯಾರದು? ಕೆಟ್ಟದ್ದು ಅಂತ ಗೊತ್ತಿದ್ದೂ ಸಹಿ ಹಾಕಿದೆಯಲ್ಲ?" ಚೀಟಿಯೇ ಸಾಕ್ಷಿಯಾಗಿ ಅವರ ಕುತ್ತಿಗೆಗೆ ಬಂದಿತ್ತು. ಸರ್ ಬಹಳ ಹೊತ್ತು ಸೇಠ್ ಮುಖ ನೋಡಿದರು. ಬೇಡ ಎಂದು ಹೇಳಿ ಕಳಿಸಿದ್ದೆ ಎಂಬ ಮಾತು ಈಗ ಬರುತ್ತದೆ, ನನ್ನ ಕಥೆ ಮುಗಿಯಿತು, ಎಂದು ನಾನು ಗೋಡೆ ಹಿಡಿದುಕೊಂಡೆ.

"ಸಹಿ ನನ್ನದೇ" ಅಂದರು. "ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದರು ಸೇಠ್.

ಸಂಜೆ ಡಬ್ಬಿ, ಬ್ಲೇಡು, ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಹೊರಟರು. ಎಂದಿನಂತೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಶಿಳ್‌ಫಾಟಾ ದಾಟಿದ ಮೇಲೆ ತಾವಾಗಿಯೇ ಹೇಳಿದರು, "ನಿನ್ನ ಹೆಸರು ಎತ್ತಲಿಲ್ಲ ಮಾರಾಯ. ಎತ್ತಿದ್ದರೆ ನಿನ್ನನ್ನು ಸಾಕ್ಷಿಗೆ ಕರೀತಿದ್ದರು. ನೀವು ಕೇಳಲಿಲ್ಲ ಸೇಠ್, ನಿಮ್ಮದೇ ತಪ್ಪು, ಅಂತ ಅವರ ಮುಖದೆದುರು ನೀನು ಹೇಳಬೇಕಾಗ್ತಿತ್ತು. ಆಮೇಲೆ ನಿನ್ನ ಕೆಲಸ ಉಳೀತಿತ್ತಾ? ಕಾಯಂ ಆಗಿ ಎರಡು ತಿಂಗಳಾಯಿತು ಅಷ್ಟೇ."

ನಾನು ಕಿಟಕಿಯ ಕಡೆ ತಿರುಗಿದೆ. ಅಳು ಬಂದಿತ್ತು. ಅವರು ಅದನ್ನು ಪ್ರೀತಿ ಎಂದು ತಿಳಿದು ನನ್ನ ಮೊಣಕಾಲು ತಟ್ಟಿದರು.

ಆಮೇಲೆ ಅವರಿಗೆ ಅಂಥ ಕೆಲಸ ಸಿಗಲಿಲ್ಲ. ಇಷ್ಟು ತಿಳಿದ ಮನುಷ್ಯನನ್ನು ಯಾಕೆ ಯಾರೂ ಕರೆಯುತ್ತಿಲ್ಲ ಎಂದು ಸಂಘದಲ್ಲಿ ಜನ ಆಶ್ಚರ್ಯಪಡುತ್ತಿದ್ದರು. ಡೊಂಬಿವ್ಲಿ ಬಿಟ್ಟು ಬದಲಾಪುರಕ್ಕೆ ಹೋದರು. ನಾನು ಹೋಗಿ ನೋಡಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ವರ್ಷಗಳೇ ಹೋದವು. ಒಮ್ಮೆ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹೆಗಲ ಮೇಲೆ ಟಿವಿ ಕೇಬಲಿನ ದೊಡ್ಡ ಸುರುಳಿ. ಬದಲಾಪುರದಲ್ಲಿ ಮನೆ ಮನೆಗೆ ಟಿವಿ ಲೈನು ಎಳೆಯುವವನ ಜೊತೆ ಕೆಲಸ ಮಾಡುತ್ತಿದ್ದರು. ಜನ ನೂಕುತ್ತಿದ್ದರೂ ನಿಂತು ನನ್ನ ಹೆಂಡತಿ, ಮಗಳು ಎಲ್ಲರನ್ನೂ ವಿಚಾರಿಸಿದರು. ನನ್ನ ಕಣ್ಣು ಆ ಸುರುಳಿಯ ಮೇಲೇ ಇದ್ದುದನ್ನು ನೋಡಿದರು.

"ಹೆಣಿಗೆ ಬಹಳ ತೆಳು" ಎಂದರು. "ಆದರೆ ಇದಕ್ಕೆ ಅಳತೆ ಗಿಳತೆ ಏನಿಲ್ಲ. ಚಿತ್ರ ಬಂದರೆ ಆಯಿತು." ಆಮೇಲೆ ಸ್ವಲ್ಪ ನಕ್ಕು, "ಚಲೇಗಾ" ಅಂದರು.

ಆ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಮ್ಮಪ್ಪ ಸತ್ತಾಗ ಆಗದ ಸಂಕಟ ಆ ಸೇತುವೆಯ ಮೇಲೆ ಆಯಿತು. ಆದರೂ ಹೇಳಲಿಲ್ಲ. ಲೋಕಲ್ ಬಂತು, ಹೋದರು.

ಸುದ್ದಿ ತಿಳಿದ ಭಾನುವಾರವೇ ಬದಲಾಪುರಕ್ಕೆ ಹೋದೆ. ಎರಡನೇ ಮಹಡಿಯ ಒಂದು ಕೋಣೆ. ವೈನಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು. ಅದನ್ನು ಹೇಗೆ ತಡೆದುಕೊಂಡೆನೋ.

"ನೀವು ಬಂದೇ ಬರ್ತೀರಿ ಅಂತ ಹೇಳಿದ್ದರು. ನಿಮ್ಮ ಹತ್ತಿರ ಒಂದು ಮಾತು ಹೇಳಿ ಕಳಿಸಲಿಕ್ಕೆ ಉಂಟು, ಸೇಠ್‌ಗೆ. ಇದ್ದದ್ದನ್ನು ಇದ್ದ ಹಾಗೆ ಮುಟ್ಟಿಸುವವ ಅಂದರೆ ಅವನೊಬ್ಬನೇ, ಬೇರೆಯವರ ಕೈಯಲ್ಲಿ ಹೇಳಿಸಬೇಡ, ಅಂದರು." ವೈನಿ ಕಣ್ಣು ಮುಚ್ಚಿ ಪಾಠ ಒಪ್ಪಿಸುವ ಹಾಗೆ ಹೇಳಿದರು. "ಆ ಡ್ರಮ್ಮು ಬೇಡ ಅಂತ ನಾನು ಹೇಳಿದ್ದೆ, ನೀವು ಕೇಳಲಿಲ್ಲ. ಸಿಟ್ಟಿಲ್ಲ. ಆದರೆ ಗೊತ್ತಿದ್ದೂ ಸಹಿ ಹಾಕಿದವ ಅಂತ ನನ್ನನ್ನು ನೆನಪಿಟ್ಟುಕೊಳ್ಳಬೇಡಿ. ಇಷ್ಟೇ."

"ಹೇಳ್ತೀನ್ರಿ ವೈನಿ" ಅಂದೆ.

ಸೇಠ್ ಕಂಪನಿ ಮುಚ್ಚಿ ಠಾಣೆಯಲ್ಲಿ ಮಗನ ಮನೆಯಲ್ಲಿದ್ದರು. ಮೂರು ಸಲ ಅವರ ವಸತಿ ಸೊಸೈಟಿಯ ಗೇಟಿನ ತನಕ ಹೋಗಿ ವಾಪಸು ಬಂದೆ. ನಾಲ್ಕನೇ ಸಲ ಒಳಗೆ ಹೋದೆ. ಸೇಠ್ ಗಾಲಿಕುರ್ಚಿಯಲ್ಲಿದ್ದರು, ತಲೆ ಮಾತ್ರ ಚುರುಕಾಗಿಯೇ ಇತ್ತು. ನಾನು ವೈನಿಯ ಹಾಗೆಯೇ ಕಣ್ಣು ಮುಚ್ಚಿ ಆ ಮಾತನ್ನು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದೆ.

"ನಾನು ಕೇಳಲಿಲ್ಲವಾ?" ಸೇಠ್ ಮುಂದಕ್ಕೆ ಬಾಗಿದರು. "ಅವನು ಬೇಡ ಅಂದಿದ್ದು ಯಾವಾಗ? ನೀನೇ ತಾನೇ ಬಂದು ಚಲೇಗಾ ಅಂದವನು?"

"ಸರ್ ಬೇಡ ಅಂದಿದ್ದರು ಸೇಠ್. ಚಲೇಗಾ ಅಂದದ್ದು ನಾನು."

ಸೇಠ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಮ್ಮ ಕೈಗಳನ್ನೇ ನೋಡುತ್ತ ಹೇಳಿದರು, "ಅವನನ್ನು ಕೆಲಸಕ್ಕೆ ತೆಗೆದುಕೊಳ್ಳೋಣವಾ ಅಂತ ಎಷ್ಟು ಜನ ನನಗೆ ಫೋನು ಮಾಡಿದ್ದರು ಗೊತ್ತಾ? ಎಲ್ಲರಿಗೂ ನಾನೇ ಹೇಳಿದೆ. ಆ ಮನುಷ್ಯನ ಸಹಿ ನಂಬಬೇಡಿ ಅಂತ." ಗಾಲಿಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಆಮೇಲೆ, "ಅವನ ಹೆಂಡತಿಗೆ ಹೇಳು. ನಿಮ್ಮವರ ಮಾತು ನನಗೆ ಮುಟ್ಟಲಿಲ್ಲ ಅಂತ. ಅಷ್ಟೇ ಹೇಳು. ಏನೂ ಸೇರಿಸಬೇಡ."

ಮರುದಿನ ರಜೆ ಹಾಕಿ ಬದಲಾಪುರಕ್ಕೆ ಹೋದೆ. ವೈನಿ ಕಾಫಿ ಮಾಡಿ ತಂದರು. ಎದುರಿಗೆ ಕೂತು, "ಸೇಠ್ ಏನಂದರು?" ಎಂದು ಕೇಳಿದರು.

"ನಿಮ್ಮವರ ಮಾತು ನನಗೆ ಮುಟ್ಟಲಿಲ್ಲ, ಅಂದ್ರು."

"ಮುಟ್ಟಲಿಲ್ಲ ಅಂದರೆ? ಅವತ್ತು ನೀವು ಹೋಗಿ ಹೇಳಿದಿರಲ್ಲ?"

"ಹೇಳ್ಲಿಲ್ರಿ ವೈನಿ. ಹೆದರಿ ಚಲೇಗಾ ಅಂದೆ. ಸರ್‍ಗೂ ಸುಳ್ಳು ಹೇಳಿದೆ."

ವೈನಿ ನನ್ನನ್ನು ನೋಡುತ್ತಲೇ ಇದ್ದರು. ಎದ್ದು ಬಂದು ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡರು. ಅರ್ಧ ಕಾಫಿ ಅದರಲ್ಲಿ ಹಾಗೇ ಇತ್ತು. ಒಳಗೆ ಹೋಗಿ ಅದನ್ನು ಚೆಲ್ಲಿದ್ದು ಕೇಳಿಸಿತು. ಆಮೇಲೆ ನಲ್ಲಿ ಬಿಟ್ಟು ಲೋಟ ತೊಳೆಯತೊಡಗಿದರು. ತೊಳೆಯುತ್ತಲೇ ಇದ್ದರು. ನಾನು ಸ್ವಲ್ಪ ಹೊತ್ತು ಕಾದು, ಬಾಗಿಲು ಮುಂದೆ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಇಳಿದು ಬಂದೆ. ಕೆಳಗಿನ ಮಹಡಿಯ ತನಕ ನಲ್ಲಿಯ ಸದ್ದು ಕೇಳುತ್ತಲೇ ಇತ್ತು.